ಒಣ ಕೊಂಬೆ ಕಡಿಸುವ ಮುಂಚೆ ಬುಡದಲ್ಲಿ ನಿಂತು ನೋಡಿ

ಮಳೆಗಾಲಕ್ಕೆ ಮೊದಲು ಕೊಂಬೆ ಸವರಿಸುವ ಕೆಲಸ ಶಿವಮೊಗ್ಗದ ಬೀದಿಬೀದಿಯಲ್ಲೂ ಶುರುವಾಗುತ್ತದೆ. ಗಾಳಿಗೆ ಕರೆಂಟ್ ತಂತಿ ಮೇಲೆ ಬೀಳಬಾರದಲ್ವಾ, ಅದು ಸರಿ. ಆದರೆ ಏಪ್ರಿಲ್, ಮೇ ಅಂದರೆ ಎಷ್ಟೋ ಹಕ್ಕಿಗಳು ಮರಿ ಮಾಡುವ ಕಾಲವೂ ಹೌದು.

ಕುಟ್ರ ಹಕ್ಕಿ ಮೆತ್ತಗಾದ ಒಣ ಕೊಂಬೆಯನ್ನೇ ಹುಡುಕಿ ಕೊರೆಯುತ್ತದೆ. ಗುಂಡನೆಯ ತೂತು ಹೆಚ್ಚಾಗಿ ಕೊಂಬೆಯ ಕೆಳಮಗ್ಗುಲಲ್ಲಿ ಇರುತ್ತದೆ. ಟೆರೇಸ್ ಮೇಲಿಂದ ಕಾಣುವುದಿಲ್ಲ, ಬುಡದಲ್ಲಿ ನಿಂತು ತಲೆಯೆತ್ತಬೇಕು. ಬೆಳಿಗ್ಗೆ ಅರ್ಧ ಗಂಟೆ ದೂರ ಕೂತು ಗಮನಿಸಿ. ಹಕ್ಕಿ ಕೊಕ್ಕಿನಲ್ಲಿ ಹಣ್ಣೋ ಹುಳವೋ ಹಿಡಿದು ಒಳಗೆ ಹೋದರೆ ಮರಿ ಇದೆ ಅಂತಲೇ. ಹಳೇ ತೂತು ಅಂತಲೂ ಸುಮ್ನೆ ಕಡಿಸಬೇಡಿ. ಕುಟ್ರ ಬಿಟ್ಟುಹೋದ ಪೊಟರೆಯಲ್ಲಿ ಮಡಿವಾಳ ಹಕ್ಕಿ ಸಂಸಾರ ಹೂಡುವುದುಂಟು.

ರಸ್ತೆಗೆ, ಮನೆಗೆ ಅಪಾಯ ಇರುವುದನ್ನು ಮಾತ್ರ ತೆಗೆಸಿ. ಉಳಿದದ್ದು ಅಕ್ಟೋಬರ್‌ವರೆಗೆ ಕಾಯಲಿ. ಕಾಡುಹಕ್ಕಿಗಳ ಗೂಡು, ಮೊಟ್ಟೆ ಹಾಳು ಮಾಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮರ ಹತ್ತುವವರಿಗೂ ಇದನ್ನು ಮೊದಲೇ ಹೇಳಿಬಿಡಿ, ಪಾಪ ಅವರಿಗೆ ಯಾರೂ ಹೇಳಿರುವುದಿಲ್ಲ.

ಗೂಡಿನ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ. ತಾಯಿಹಕ್ಕಿ ಹೆದರಿ ದೂರವೇ ಉಳಿದರೆ ಮರಿಗೆ ಉಪವಾಸ. ಫೋಟೊ ಆಸೆ ಜಾಸ್ತಿ ಇದ್ದವರು ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ. ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ ಗೂಡುಗಳನ್ನು ದಡದಿಂದಲೇ ನೋಡಬಹುದು.