ಬಂಡೆಗಲ್ಲಿನ ಬರಹವನ್ನು ಓದಲು ಹೊರಡುವವರಿಗೆ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿರುವ ಅಶೋಕನ ಶಾಸನವನ್ನು ಮೊದಲ ಸಲ ನೋಡಲು ಹೋದಾಗ ನಾನು ಸುಡುಬಿಸಿಲಿನ ನಡುಮಧ್ಯಾಹ್ನ ಬಂಡೆಯ ಮುಂದೆ ನಿಂತು, ಮೊಬೈಲಿನಲ್ಲಿ ನಲವತ್ತು ಚಿತ್ರ ತೆಗೆದುಕೊಂಡು ಅರ್ಧ ಗಂಟೆಯೊಳಗೆ ಕೆಳಗಿಳಿದಿದ್ದೆ. ಮನೆಗೆ ಬಂದು ನೋಡಿದರೆ ನಲವತ್ತರಲ್ಲಿಯೂ ಬೂದುಬಣ್ಣದ ಕಲ್ಲಷ್ಟೇ ಕಾಣುತ್ತಿತ್ತು, ಒಂದು ಅಕ್ಷರವೂ ಸ್ಪಷ್ಟವಿರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲು ಮತ್ತೆ ಮೂರು ಸಲ ಹೋಗಬೇಕಾಯಿತು. ನೀವು ಒಂದೇ ಸಲಕ್ಕೆ ಓದಿ ಬರುವಂತಾಗಲೆಂದು, ಹೊರಡುವ ಮೊದಲು ಮತ್ತು ಅಲ್ಲಿ ತಲುಪಿದ ಮೇಲೆ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಮನೆಯಲ್ಲಿಯೇ ಆಗಬೇಕು. ಶಾಸನದ ಮುದ್ರಿತ ಪಾಠವನ್ನು ಹುಡುಕಿ ಓದಿಕೊಳ್ಳದೆ ಹೋದರೆ ಕಲ್ಲು ನಿಮ್ಮೊಡನೆ ಮಾತನಾಡುವುದಿಲ್ಲ. ಆದರೆ ನಮ್ಮ ಕಡೆಯ ಶಾಸನಗಳನ್ನು ಹುಡುಕುವವರು ಹಿಂದೆ ಯಾವ ಊರು ಯಾರ ಆಳ್ವಿಕೆಯಲ್ಲಿತ್ತೆಂಬುದನ್ನು ತಿಳಿದಿರಬೇಕು. ರಾಯಚೂರು ಮತ್ತು ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು ಮೊದಲು ಅಚ್ಚಾದದ್ದು ಹೈದರಾಬಾದಿನ ಪುರಾತತ್ವ ಮಾಲಿಕೆಯಲ್ಲಿ. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದುದರಿಂದ ಅಲ್ಲಿಯ ಕನ್ನಡ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲಿಕೆಯ 9ನೆಯ ಸಂಪುಟದಲ್ಲಿ ಸೇರಿವೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಗಳಲ್ಲಿ ಅದನ್ನು ರಾಯಚೂರು ಜಿಲ್ಲೆಯ ಕೆಳಗೇ ನೋಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟಗಳನ್ನು ಹೊರತಂದಿದೆ. ಬೇಕಾದ ಪುಟಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು, ಕಾಗದದ ಮೇಲೂ ಒಂದು ಪ್ರತಿ ಇಟ್ಟುಕೊಳ್ಳಿ, ಏಕೆಂದರೆ ಬಿಸಿಲಿನಲ್ಲಿ ಪರದೆಗಿಂತ ಕಾಗದವೇ ಚೆನ್ನಾಗಿ ಕಾಣುತ್ತದೆ.

ಎರಡನೆಯದು ಲಿಪಿಯ ಪರಿಚಯ. ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕೊಪಣನಗರವನ್ನು, ಎಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆಂದು ಓದಿ ಬಂದವರು ಇಲ್ಲಿಯೂ ಹಳಗನ್ನಡವನ್ನು ನಿರೀಕ್ಷಿಸುತ್ತಾರೆ. ಆದರೆ ಈ ಬಂಡೆಬರಹ ಆ ಗ್ರಂಥಕ್ಕಿಂತ ಸುಮಾರು 1100 ವರ್ಷ ಹಿಂದಿನದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಮ್ಮ ಕನ್ನಡ ಲಿಪಿ ಹುಟ್ಟಿ ಬಂದದ್ದು ಆ ಬ್ರಾಹ್ಮಿಯಿಂದಲೇ ಆದರೂ ಕಣ್ಣಿಗೆ ಹೋಲಿಕೆ ಥಟ್ಟನೆ ಸಿಗದು. ಇಡೀ ವರ್ಣಮಾಲೆಯನ್ನು ಕಲಿಯಲು ಹೋಗಬೇಡಿ. ‘ದೇವರಿಗೆ ಪ್ರಿಯನಾದವನು’ ಎಂಬರ್ಥದ, ಅಶೋಕನ ಬಿರುದಾದ ‘ದೇವಾನಂಪಿಯ’ ಎಂಬ ಒಂದು ಪದವನ್ನು ಬರೆದು ಬರೆದು ಕೈಗೆ ರೂಢಿ ಮಾಡಿಕೊಳ್ಳಿ. ಅಡ್ಡಗೆರೆಯ ನಡುವೆ ಕಂಬ ನೆಟ್ಟಂತಿರುವುದು ‘ನ’, ದುಂಡು ಸುತ್ತಿನ ಮೇಲೆ ಕಡ್ಡಿ ನಿಲ್ಲಿಸಿದಂತಿರುವುದು ‘ವ’, ಪಕ್ಕದಲ್ಲಿ ಒಂದು ಚುಕ್ಕೆ ಇದ್ದರೆ ಅನುಸ್ವಾರ. ಕೂಡಿಸುವ ಚಿಹ್ನೆಯಂತಿರುವ ‘ಕ’ ಸಿಕ್ಕರಂತೂ ಹಳೆಯ ಪರಿಚಯದವರು ಸಿಕ್ಕಷ್ಟು ಸಂತೋಷವಾಗುತ್ತದೆ. 2010ರಿಂದ ಬ್ರಾಹ್ಮಿಗೆ ಯೂನಿಕೋಡ್‌ನಲ್ಲಿಯೂ ಸ್ಥಾನ ದೊರೆತಿರುವುದರಿಂದ, ಸೂಕ್ತ ಫಾಂಟ್ ಇದ್ದರೆ ಮೊಬೈಲಿನಲ್ಲಿಯೇ ಅಕ್ಷರಗಳನ್ನು ಮೂಡಿಸಿ ಹೋಲಿಸಿಕೊಳ್ಳಬಹುದು.

ಇನ್ನು ಬೆಳಕಿನ ವಿಷಯ. ನಾನು ಸೋತದ್ದು ಇಲ್ಲಿಯೇ. ಆಳವಿಲ್ಲದ ಗೀರುಗಳು ಕಾಣುವುದು ಅವುಗಳ ಒಳಗೆ ಬೀಳುವ ನೆರಳಿನಿಂದ, ಆದ್ದರಿಂದ ಬೆಳಕು ಎದುರಿನಿಂದ ಬೀಳದೆ ಓರೆಯಾಗಿ ಸವರಿಕೊಂಡು ಹೋಗಬೇಕು. ಹೊತ್ತು ಮೂಡಿದ ಒಂದೆರಡು ಗಂಟೆಯೊಳಗೆ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಆಗಲೂ ಬಂಡೆ ನೆರಳಿನಲ್ಲಿದ್ದರೆ ಜೊತೆಗಾರರು ಬದಿಯಿಂದ, ಕಲ್ಲಿಗೆ ತಾಗದಷ್ಟು ಸಮೀಪದಲ್ಲಿ ಟಾರ್ಚ್ ಹಿಡಿಯಲಿ. ಅದನ್ನು ಮೆಲ್ಲಗೆ ಸುತ್ತಲೂ ಸರಿಸುತ್ತ ಹೋದಂತೆ ಇಲ್ಲದಿದ್ದ ಅಕ್ಷರಗಳು ಎದ್ದು ಬರುತ್ತವೆ. ಮೊದಲು ಇಡೀ ಬಂಡೆಯ ಚಿತ್ರ, ಅನಂತರ ಪ್ರತಿಯೊಂದು ಸಾಲನ್ನೂ ಎಡದಿಂದ ಬಲಕ್ಕೆ, ಒಂದು ಚಿತ್ರದ ಕೊನೆಯ ಎರಡು ಅಕ್ಷರ ಮುಂದಿನ ಚಿತ್ರದಲ್ಲಿಯೂ ಬರುವಂತೆ ತೆಗೆಯಿರಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ನೀರು ಸುರಿಯುವುದು, ಕಡ್ಡಿಯಿಂದ ಕೆದಕುವುದು ಬೇಡವೇ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಂತೆ ಅಪರಾಧ. ಒದ್ದೆ ಕಾಗದ ಬಡಿದು ಮಸಿಯಿಂದ ಅಚ್ಚು ತೆಗೆಯುವ ಕೆಲಸವನ್ನು ಅದನ್ನು ಕಲಿತ ಶಾಸನತಜ್ಞರಿಗೇ ಬಿಡಬೇಕು.

ಚಿತ್ರ ತೆಗೆದಾದ ಮೇಲೆ ಮೊಬೈಲನ್ನು ಜೇಬಿಗೆ ಹಾಕಿ, ಕಾಗದ ಹಿಡಿದು ಗಟ್ಟಿಯಾಗಿ ಓದಿ. ಇದು ನನ್ನ ಹುಚ್ಚಲ್ಲ. ಆಂಧ್ರದ ಎರ್ರಗುಡಿಯಲ್ಲಿರುವ ಅಶೋಕನ ಶಾಸನ, ಜನರಿಗೆ ಆಜ್ಞೆಯನ್ನು ಭೇರಿ ಬಾರಿಸಿ ತಿಳಿಸಬೇಕೆನ್ನುತ್ತದೆ. ಊರಲ್ಲಿ ಡಂಗುರ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗವಿಮಠದ ಬರಹದಲ್ಲಿ ಅರಸನು ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲವಾಯಿತೆಂದೂ, ಮೊದಲು ಹೆಚ್ಚು ಶ್ರಮಪಡಲಿಲ್ಲವೆಂದೂ ಒಪ್ಪಿಕೊಂಡು, ದೊಡ್ಡವರಂತೆ ಸಣ್ಣವರೂ ಪ್ರಯತ್ನದಿಂದ ಫಲ ಪಡೆಯಬಲ್ಲರೆನ್ನುತ್ತಾನೆ. ಆಳುವವರು ತಮ್ಮ ಸೋಮಾರಿತನವನ್ನು ಕಲ್ಲಿನಲ್ಲಿ ಕೆತ್ತಿಸಿದ ಉದಾಹರಣೆ ಇನ್ನೊಂದು ನನಗಂತೂ ಸಿಕ್ಕಿಲ್ಲ.

ಗಟ್ಟಿಯಾಗಿ ಓದಿದರೆ ಯಾರಾದರೂ ಬಂದು ನಿಲ್ಲುತ್ತಾರೆ. ಮಸ್ಕಿಯಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಬಂಗಾರ ಎಲ್ಲೈತಿ ಅಂತ ಬರದಾರೇನ್ರಿ ಸರ?” ನಗಬೇಡಿ. ಆ ಶಾಸನವನ್ನು 1915ರಲ್ಲಿ ಕಂಡದ್ದೇ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಕೂಡಿ ದೊರೆತದ್ದು ಅಲ್ಲಿಯೇ ಮೊದಲು. ನಿಧಿಯ ಆಸೆಗೆ ಬಂಡೆ ಒಡೆಯುವ, ಗುಡಿ ಅಗೆಯುವ ಕೆಡುಕು ಈ ಪ್ರಶ್ನೆಯಿಂದಲೇ ಹುಟ್ಟುವುದರಿಂದ, ಕುಳಿತು ಸಾಲು ಸಾಲಾಗಿ ಅರ್ಥ ಹೇಳಿಬಿಡುವುದು ಒಳ್ಳೆಯದು. ಆ ಹಿರಿಯರು ಪೂರ್ತಿ ಕೇಳಿಸಿಕೊಂಡು, “ಅಷ್ಟ ಐತೇನ್ರಿ” ಎಂದು ಸ್ವಲ್ಪ ಬೇಸರದಿಂದಲೇ ಎದ್ದು ಹೋದರು.

ಮೊದಲು ಗವಿಮಠ, ಆಮೇಲೆ ಮಸ್ಕಿ, ಬಿಡುವಿದ್ದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳ ಎಂಬ ಕ್ರಮ ಇಟ್ಟುಕೊಳ್ಳಿ. ಈ ಕೊನೆಯ ಎರಡರಲ್ಲಿಯೂ ಅಶೋಕನ ಹೆಸರಿದೆ. ಎರಡು ಗುಂಡುಗಳ ಮೇಲೆ ಚಪ್ಪಟೆ ಬಂಡೆ ಹೊತ್ತು ಪಲ್ಲಕ್ಕಿಯಂತೆ ಕಾಣುವ ಕೊಪ್ಪಳದ ಪಾಲ್ಕಿಗುಂಡನ್ನು ಕಣ್ಣು ಪಳಗಿದ ಮೇಲೆ ನೋಡುವುದು ಲೇಸು, ಏಕೆಂದರೆ ಅಲ್ಲಿಯ ಬರಹ ಬಹಳ ಸವೆದಿದೆ. ಅದೇ ದಿನ ರಾತ್ರಿ, ಓದಲಾದ ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಓದಲಾಗದ ಒಂದೊಂದಕ್ಕೂ ಒಂದು ಚುಕ್ಕೆ ಇಟ್ಟು, ಆಮೇಲಷ್ಟೇ ಮುದ್ರಿತ ಪಾಠದೊಡನೆ ಹೋಲಿಸಿ. ನನ್ನ ನೋಟ್‌ಬುಕ್ಕಿನ ಪಾಲ್ಕಿಗುಂಡಿನ ಹಾಳೆಯಲ್ಲಿ ಈಗಲೂ ಅಕ್ಷರಗಳಿಗಿಂತ ಚುಕ್ಕೆಗಳೇ ಹೆಚ್ಚು.