ಓದಿದ್ದು, ನೋಡಿದ್ದು: ತಿಂಗಳ ಪಟ್ಟಿ ಬರೆಯುವ ಬಗೆ

ನನ್ನ ಮೊದಲ ತಿಂಗಳ ಪಟ್ಟಿಯನ್ನು 31ನೇ ತಾರೀಕು ರಾತ್ರಿ ಹನ್ನೊಂದಕ್ಕೆ ಕೂತು ಬರೆದೆ. ಐದು ಪುಸ್ತಕ, ಒಂಬತ್ತು ಸಿನಿಮಾ. ಗೆಳೆಯರ ಗುಂಪಿಗೆ ಕಳಿಸಿ ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಗೆಳತಿಯೊಬ್ಬಳು ಬರೆದಿದ್ದಳು: ‘ಹದಿನಾಲ್ಕರಲ್ಲಿ ಹನ್ನೊಂದು ಕಡೆ ಚೆನ್ನಾಗಿದೆ ಅಂತ ಬರೆದಿದ್ದೀಯ. ಉಳಿದ ಮೂರು ಕಡೆ ತುಂಬಾ ಚೆನ್ನಾಗಿದೆ.’ ಎಣಿಸಿದೆ. ಅವಳ ಲೆಕ್ಕ ಸರಿಯಾಗಿತ್ತು.

ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿತ್ತು. ಆ ಒಂಬತ್ತರಲ್ಲಿ ಎರಡು ಸಿನಿಮಾಗಳ ಕಥೆಯೇ ನನಗೆ ನೆನಪಿರಲಿಲ್ಲ. ಹೆಸರು ಓದಿದರೆ ಪೋಸ್ಟರ್ ಕಣ್ಣಮುಂದೆ ಬರುತ್ತಿತ್ತು, ಒಳಗೆ ಏನಾಯ್ತು ಅಂತ ಕೇಳಿಕೊಂಡರೆ ಖಾಲಿ. ಮೂರ್ನಾಲ್ಕು ಗಂಟೆ ಸುಮ್ನೆ ಹೋದ ಹಾಗೆ.

ಆಮೇಲೆ ಇಪ್ಪತ್ತಕ್ಕಿಂತ ಜಾಸ್ತಿ ಪಟ್ಟಿ ಬರೆದಿದ್ದೇನೆ. ಮೊದಲ ನಾಲ್ಕು ಸುಮಾರಾಗಿಯೇ ಇದ್ದವು. ಈಗಿನವು ಪರವಾಗಿಲ್ಲ. ನಡುವೆ ಏನು ಬದಲಾಯಿತು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಬರೆಯಬೇಕಾದದ್ದು ಅವತ್ತೇ ರಾತ್ರಿ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಫೋನಿನ ನೋಟ್ಸ್ ಆದರೂ ನಡೆಯುತ್ತದೆ, ಆದರೆ ನನ್ನ ಕಥೆ ಏನೆಂದರೆ, ಫೋನ್ ಕೈಗೆ ಬಂದ ಮೇಲೆ ಬರೆಯುವ ಬದಲು ಬೇರೆ ಏನೇನೋ ಆಗುತ್ತದೆ. ನನ್ನದು ಅಂಗೈಯಗಲದ ಗೆರೆ ಹಾಕಿದ ಪುಸ್ತಕ. ದಿಂಬಿನ ಪಕ್ಕದಲ್ಲೇ ಇರುತ್ತದೆ, ಒಳಗೊಂದು ಪೆನ್ಸಿಲ್. ಪೆನ್ನಾದರೆ ಇಂಕು ಹಾಸಿಗೆಗೆ ಅಂಟುತ್ತದೆ, ಅನುಭವದ ಮಾತು.

ಪುಸ್ತಕ ಮುಗಿದ ಅಥವಾ ಸಿನಿಮಾ ಮುಗಿದ ಹತ್ತು ನಿಮಿಷದೊಳಗೆ ನಾಲ್ಕು ಸಾಲು ಬರೆಯಬೇಕು. ನಾಳೆ ಬರೆಯೋಣ ಅಂದರೆ ಆಗಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು, 1885ರಲ್ಲಿ ಅದನ್ನೆಲ್ಲ ಪ್ರಕಟಿಸಿದ. ಅವನ ಲೆಕ್ಕದಲ್ಲಿ ದೊಡ್ಡ ಪಾಲು ಮೊದಲ ಒಂದು ಗಂಟೆಯಲ್ಲೇ ಹೋಗಿಬಿಡುತ್ತದೆ. ಆಮೇಲೆ ಮರೆವಿನ ವೇಗ ಇಳಿಯುತ್ತದೆ. ಒಂದು ದಿನಕ್ಕೂ ಒಂದು ತಿಂಗಳಿಗೂ ಇರುವ ವ್ಯತ್ಯಾಸ ಆ ಮೊದಲ ಗಂಟೆಯ ನಷ್ಟದ ಮುಂದೆ ಸಣ್ಣದು. ಕಥೆಗಳು ಅರ್ಥವಿಲ್ಲದ ಅಕ್ಷರಗಳಲ್ಲ, ಅಷ್ಟು ಬೇಗ ಅಳಿಸಿಹೋಗುವುದಿಲ್ಲ, ಒಪ್ಪಿದೆ. ಆದರೆ ಕಥೆಯ ಒಳಗಿನ ಸಣ್ಣ ಸಣ್ಣ ವಿವರಗಳಿರುತ್ತವಲ್ಲ, ಪಾತ್ರವೊಂದು ಬಾಗಿಲು ಹಾಕಿದ ರೀತಿ, ಒಂದು ಅಧ್ಯಾಯದ ಕೊನೆಯ ಸಾಲು, ಅವು ನಿಜಕ್ಕೂ ಅವತ್ತೇ ರಾತ್ರಿ ಹೋಗುತ್ತವೆ. ಪಟ್ಟಿಗೆ ಬೇಕಾದದ್ದು ಅವೇ.

ನಾಲ್ಕು ಸಾಲಿನಲ್ಲಿ ಏನಿರಬೇಕು

ಮೊದಲ ಸಾಲು ಬರೀ ವಿವರ: ಹೆಸರು, ಬರೆದವರು ಅಥವಾ ನಿರ್ದೇಶಕರು, ವರ್ಷ, ಪುಟ ಅಥವಾ ನಿಮಿಷ, ಭಾಷೆ. ಅನುವಾದವಾದರೆ ಅನುವಾದಕರ ಹೆಸರು ಬಿಡಬೇಡಿ. ನೀವು ಓದಿದ ಒಂದೊಂದು ವಾಕ್ಯವನ್ನೂ ಬರೆದವರು ಅವರೇ ತಾನೇ? ಹೇಗೆ ನೋಡಿದಿರಿ ಅನ್ನುವುದೂ ಇರಲಿ. ಥಿಯೇಟರಲ್ಲಾ, ಲ್ಯಾಪ್‌ಟಾಪಲ್ಲಾ, ಒಬ್ಬರೇನಾ, ನಾಲ್ಕು ಜನ ಕೂತು ಮಾತಾಡುತ್ತಾ ನೋಡಿದ್ದಾ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಹಾಗೆ ನೋಡಿ ‘ಸಿನಿಮಾದಲ್ಲಿ ಮೌನವೇ ಇಲ್ಲ’ ಅಂತ ಟೀಕೆ ಮಾಡಿದವನು ನಾನು.

ವರ್ಷದ ವಿಷಯದಲ್ಲಿ ಒಂದು ಎಚ್ಚರಿಕೆ. ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ ಕಾದಂಬರಿ ಓದಿ, ಅದೇ ತಿಂಗಳು ಸಿನಿಮಾನೂ ನೋಡಿದ್ದೆ. ಕಾದಂಬರಿ ಬಂದದ್ದು 1965ರಲ್ಲಿ, ಸಿನಿಮಾ 1970ರಲ್ಲಿ. ನನ್ನ ಕೈಯಲ್ಲಿದ್ದದ್ದು ಎಷ್ಟೋ ವರ್ಷದ ನಂತರದ ಮರುಮುದ್ರಣ. ನಾನು ಮುದ್ರಣದ ವರ್ಷವನ್ನೇ ನೋಡಿ ಬರೆದುಕೊಂಡೆ. ಹೀಗಾಗಿ ನನ್ನ ಪಟ್ಟಿಯಲ್ಲಿ ಸಿನಿಮಾ ಮೊದಲು ಬಂದು, ಅದನ್ನು ನೋಡಿ ಕಾದಂಬರಿ ಬರೆದ ಹಾಗಾಯಿತು! ಶೀರ್ಷಿಕೆ ಪುಟ ತಿರುವಿದರೆ ಹಿಂದೆ ‘ಮೊದಲ ಮುದ್ರಣ’ ಅಂತ ಇರುತ್ತದೆ. ಅದನ್ನು ಬರೆಯಿರಿ. ಐದು ಸೆಕೆಂಡಿನ ಕೆಲಸ.

ಎರಡನೇ ಸಾಲು ಒಂದು ದೃಶ್ಯ. ಮೂರನೇ ಸಾಲು ಒಂದು ಜಗಳ, ಅಂದರೆ ನಿಮಗೆ ಒಪ್ಪಿಗೆಯಾಗದ್ದು, ಅರ್ಥವಾಗದ್ದು, ಸಿಟ್ಟು ತರಿಸಿದ್ದು. ನಾಲ್ಕನೆಯದು, ಇದರಿಂದ ಇನ್ಯಾವುದು ನೆನಪಾಯಿತು ಅನ್ನುವುದು. ಈ ನಾಲ್ಕನೇ ಸಾಲು ಎಷ್ಟೋ ಸಲ ಖಾಲಿ ಇರುತ್ತದೆ, ಇರಲಿ ಬಿಡಿ.

ನನ್ನ ನೋಟ್‌ಬುಕ್ಕಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಜಪಾನಿ ನಿರ್ದೇಶಕ ಕುರೊಸಾವಾನ ‘ರಾಶೋಮನ್’ ಸಿನಿಮಾವನ್ನು ಎರಡು ಸಲ ನೋಡಿದ್ದೇನೆ. ಒಂದು ಕೊಲೆಯ ವಿಚಾರಣೆ, ಸಾಕ್ಷಿಗಳು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ಮೊದಲ ಸಲ ಬರೆದದ್ದು ಇಷ್ಟು:

‘ರಾಶೋಮನ್. ಜಪಾನಿ. ಹಳೇ ಸಿನಿಮಾ ಆದ್ರೂ ಬೋರ್ ಆಗಲ್ಲ. ಕ್ಯಾಮೆರಾ ಕೆಲಸ ಸೂಪರ್. ಚೆನ್ನಾಗಿದೆ.’

ಎಂಟು ತಿಂಗಳ ನಂತರ, ಎರಡನೇ ಸಲ:

‘ರಾಶೋಮನ್, ಅಕಿರ ಕುರೊಸಾವಾ, 1950, 88 ನಿಮಿಷ, ಜಪಾನಿ, ಇಂಗ್ಲಿಷ್ ಸಬ್‌ಟೈಟಲ್. ಮರುನೋಟ, ಒಬ್ಬನೇ. ವಿಚಾರಣೆಯ ದೃಶ್ಯಗಳಲ್ಲಿ ನ್ಯಾಯಾಧೀಶ ಕಾಣುವುದೇ ಇಲ್ಲ, ಅವನ ದನಿಯೂ ಇಲ್ಲ. ಸಾಕ್ಷಿಗಳು ನೆಲದ ಮೇಲೆ ಕೂತು ನೇರ ನಮ್ಮ ಕಡೆ ನೋಡಿ ಹೇಳುತ್ತಾರೆ. ಹಾಗಾದರೆ ತೀರ್ಪು ಕೊಡಬೇಕಾದವನು ನಾನಾ? ಜಗಳ: ಕೊನೆಗೆ ಮಗು ಸಿಗುವುದು ಸ್ವಲ್ಪ ಸುಲಭದ ದಾರಿ ಅನ್ನಿಸಿತು. ಅಷ್ಟೆಲ್ಲ ಅನುಮಾನ ಬಿತ್ತಿ, ಕೊನೆಗೆ ಸಮಾಧಾನ ಮಾಡಿ ಕಳಿಸಬೇಕಿತ್ತಾ? ಮುಂದೆ: ಮೂಲ ಕಥೆ ಓದಬೇಕು.’

ಮೊದಲನೆಯದು ಯಾವ ಸಿನಿಮಾಗಾದರೂ ಹೊಂದುತ್ತದೆ. ಹೆಸರು ಬದಲಿಸಿ ನೋಡಿ, ಗೊತ್ತಾಗುತ್ತದೆ. ನಾನು ಈಗಲೂ ಈ ಪರೀಕ್ಷೆ ಮಾಡುತ್ತೇನೆ. ಬರೆದ ಸಾಲನ್ನು ಬೇರೆ ಸಿನಿಮಾದ ಹೆಸರಿನ ಕೆಳಗೆ ಇಟ್ಟು ಓದುತ್ತೇನೆ. ಅಲ್ಲಿಯೂ ಸರಿಹೋದರೆ ಅಳಿಸುತ್ತೇನೆ. ಅದಕ್ಕೇ ಪೆನ್ಸಿಲ್ ಅಂದದ್ದು.

ಇನ್ನು ‘ಮೂಲ ಕಥೆ ಓದಬೇಕು’ ಅಂತ ಬರೆದುಕೊಂಡದ್ದರಿಂದ ಒಂದು ಮಜಾ ಆಯಿತು. ಲೈಬ್ರರಿಯಲ್ಲಿ ರ್ಯುನೊಸುಕೆ ಅಕುತಗಾವನ ಕಥೆಗಳ ಇಂಗ್ಲಿಷ್ ಅನುವಾದ ಹುಡುಕಿ ‘ರಾಶೋಮನ್’ ಕಥೆ ತೆಗೆದರೆ, ಅದರಲ್ಲಿ ಕೊಲೆಯೂ ಇಲ್ಲ, ವಿಚಾರಣೆಯೂ ಇಲ್ಲ. ಕೆಲಸ ಕಳೆದುಕೊಂಡ ಆಳೊಬ್ಬ ಮಳೆಗೆ ಹೆದರಿ ಪಾಳುಬಿದ್ದ ಹೆಬ್ಬಾಗಿಲಲ್ಲಿ ನಿಂತಿದ್ದಾನೆ. ಮೇಲೆ ಮುದುಕಿಯೊಬ್ಬಳು ಹೆಣಗಳ ಕೂದಲು ಕೀಳುತ್ತಿದ್ದಾಳೆ. ಅಷ್ಟೇ ಕಥೆ. ತಪ್ಪು ಪುಸ್ತಕ ತಂದೆನಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಸಿನಿಮಾಕ್ಕೆ ಹೆಸರು, ಮಳೆ, ಹೆಬ್ಬಾಗಿಲು ಬಂದದ್ದು 1915ರ ಈ ಕಥೆಯಿಂದ. ಕೊಲೆ, ಒಂದಕ್ಕೊಂದು ಹೊಂದದ ಸಾಕ್ಷಿಗಳು ಬಂದದ್ದು ಅದೇ ಲೇಖಕನ ‘ಇನ್ ಎ ಗ್ರೋವ್’ ಅನ್ನುವ 1922ರ ಇನ್ನೊಂದು ಕಥೆಯಿಂದ. ಆ ಕಥೆಯಲ್ಲಿ ಮಗುವೂ ಇಲ್ಲ, ಸಮಾಧಾನವೂ ಇಲ್ಲ. ನನ್ನ ಜಗಳಕ್ಕೆ ಉತ್ತರ ಅಲ್ಲೇ ಇತ್ತು. ಆ ತಿಂಗಳ ಪಟ್ಟಿಯಲ್ಲಿ ಅರ್ಧ ಜಾಗ ಇದಕ್ಕೇ ಹೋಯಿತು.

ಯಾವುದು ಲೆಕ್ಕಕ್ಕೆ, ಯಾವುದು ಇಲ್ಲ

ವಿದ್ಯಾರ್ಥಿಗಳಿಗೆ ಇದೊಂದು ತಲೆನೋವು. ಪಠ್ಯಪುಸ್ತಕ ಸೇರಿಸಬಹುದಾ? ನಾನು ಸೇರಿಸುವುದಿಲ್ಲ. ಪರೀಕ್ಷೆಗೆ ಮೂರು ಅಧ್ಯಾಯ ಓದಿದ್ದನ್ನು ಓದು ಅಂತ ಕರೆಯಲು ಮನಸ್ಸು ಬರಲ್ಲ. ಆದರೆ ಸಿಲೆಬಸ್ಸಿನಲ್ಲಿರುವ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರೆ ಸೇರಿಸಿ. ಬಿಡಿ ಕಥೆ ಓದಿದರೆ ಕೆಳಗೆ ಒಂದು ಸಾಲು. ವೆಬ್ ಸೀರೀಸ್ ಒಂದು ಸೀಸನ್ ಮುಗಿದ ಮೇಲೆ. ಮರುಓದು, ಮರುನೋಟ ಖಂಡಿತ ಲೆಕ್ಕಕ್ಕೆ, ಆದರೆ ಹಾಗಂತ ಗುರುತು ಹಾಕಿ.

ಅರ್ಧಕ್ಕೆ ಬಿಟ್ಟ ಪುಸ್ತಕ? ಇದನ್ನು ಎಲ್ಲರೂ ಮುಚ್ಚಿಡುತ್ತಾರೆ. ನಾನು ಪುಟದ ಸಂಖ್ಯೆ ಸಮೇತ ಬರೆಯುತ್ತೇನೆ. ‘137ನೇ ಪುಟದಲ್ಲಿ ಬಿಟ್ಟೆ. ನಾಯಕ ಮೂರನೇ ಸಲ ಕಿಟಕಿ ಹತ್ತಿರ ಹೋಗಿ ನಿಂತು ಹಳೆಯದನ್ನು ನೆನೆಯತೊಡಗಿದ.’ ಗೆಳೆಯರು ನನ್ನ ಪಟ್ಟಿಯಲ್ಲಿ ಮೊದಲು ಹುಡುಕುವುದೇ ಈ ಭಾಗವನ್ನು. ಯಾಕೆ ಬಿಟ್ಟೆ ಅಂತ ಬರೆಯುವಾಗ ಎರಡು ಸಲ, ತಪ್ಪು ಪುಸ್ತಕದ್ದಲ್ಲ, ಆ ವಾರ ನನಗೇ ತಲೆ ನಿಂತಿರಲಿಲ್ಲ ಅಂತ ಗೊತ್ತಾಗಿ ವಾಪಸ್ ಹೋಗಿ ಓದಿ ಮುಗಿಸಿದ್ದೇನೆ.

ಓದದ್ದನ್ನು ಓದಿದೆ ಅಂತ ಮಾತ್ರ ಬರೆಯಬೇಡಿ. ಒಂದು ಸಲ ದಪ್ಪ ಕಾದಂಬರಿಯೊಂದರ ಕೊನೆಯ ಅರವತ್ತು ಪುಟ ಹಾರಿಸಿ ‘ಮುಗಿಸಿದೆ’ ಪಟ್ಟಿಗೆ ಹಾಕಿದ್ದೆ. ಜೂನಿಯರ್ ಹುಡುಗನೊಬ್ಬ ಅದನ್ನು ನೋಡಿ ಪುಸ್ತಕ ತಂದು ಓದಿ, ಮೆಟ್ಟಿಲ ಹತ್ತಿರ ನಿಲ್ಲಿಸಿ, ‘ಅಣ್ಣಾ, ಆ ತಂಗಿ ಕೊನೆಗೆ ಹಾಗೆ ಮಾಡಿದ್ದು ಸರೀನಾ?’ ಅಂತ ಕೇಳಿದ. ತಂಗಿ ಏನು ಮಾಡಿದಳೋ ನನಗೇನು ಗೊತ್ತು! ‘ಅದು ಅವರವರ ನೋಟ’ ಅಂತ ಏನೋ ಹೇಳಿ ಜಾರಿಕೊಂಡೆ. ಅವನ ಮುಖ ನೋಡಿದರೆ ಅವನಿಗೆ ಗೊತ್ತಾಗಿತ್ತು.

ಸಂಖ್ಯೆಯ ಹಿಂದೆ ಬಿದ್ದರೂ ಇದೇ ಗತಿ. ಮೂರನೇ ತಿಂಗಳು ‘ಈ ಸಲ ಹತ್ತು ಪುಸ್ತಕ’ ಅಂತ ಹೊರಟು, ಲೈಬ್ರರಿ ಕಪಾಟಿನಲ್ಲಿ ಬೆನ್ನು ತೆಳ್ಳಗಿರುವ ಪುಸ್ತಕಗಳನ್ನೇ ಆರಿಸಿ ತಂದಿದ್ದೆ. ಹತ್ತೂ ಆಯಿತು. ಇವತ್ತು ಅವುಗಳಲ್ಲಿ ಮೂರರ ಹೆಸರು ಹೇಳಿಯೇನು.

ತಿಂಗಳ ಕೊನೆಗೆ ಜೋಡಿಸುವುದು

ನೋಟ್‌ಬುಕ್ ಸರಿಯಾಗಿ ತುಂಬಿದ್ದರೆ ಈ ಕೆಲಸ ಒಂದೂವರೆ ಗಂಟೆಯದು. ನಾನು 28ಕ್ಕೇ ಶುರು ಮಾಡುತ್ತೇನೆ. ಕೊನೆಯ ಎರಡು ಮೂರು ದಿನದಲ್ಲಿ ನೋಡಿದ್ದು ಮುಂದಿನ ತಿಂಗಳಿಗೆ.

ಮೊದಲು ಎಲ್ಲ ಸಾಲುಗಳನ್ನೂ ಒಮ್ಮೆ ಓದಿ, ಮೂರನ್ನು ಆರಿಸಿ. ಇಷ್ಟವಾದ ಮೂರು ಅಂತಲ್ಲ, ಹೇಳಲು ಏನಾದರೂ ಇರುವ ಮೂರು. ಇವಕ್ಕೆ ಒಂದೊಂದು ಪ್ಯಾರಾ. ಉಳಿದವಕ್ಕೆ ಒಂದೊಂದು ಸಾಲು ಸಾಕು. ಹದಿನಾಲ್ಕಕ್ಕೂ ಸಮ ಜಾಗ ಕೊಟ್ಟರೆ ಹಾಜರಿ ಪುಸ್ತಕದ ಹಾಗೆ ಕಾಣುತ್ತದೆ.

ತಾರೀಕಿನ ಪ್ರಕಾರ ಜೋಡಿಸುವುದು ಸುಲಭ, ಅಷ್ಟೇ ನೀರಸ. ಪಕ್ಕದಲ್ಲಿ ಇಟ್ಟರೆ ಮಾತಾಡಿಕೊಳ್ಳುವಂಥವು ಯಾವುವು ಅಂತ ಹುಡುಕಿ. ಒಂದು ತಿಂಗಳು ನಾನು ನೋಡಿದ ಎರಡು ಸಿನಿಮಾ, ಓದಿದ ಒಂದು ಆತ್ಮಕಥೆ, ಮೂರರಲ್ಲೂ ಯಾರೋ ಒಬ್ಬರು ಮನೆ ಖಾಲಿ ಮಾಡುತ್ತಾರೆ. ಬೇಕಂತ ಆರಿಸಿದ್ದಲ್ಲ. ಮೂರೂ ಕಡೆ ಗೋಡೆಯ ಮೇಲೆ ಕ್ಯಾಲೆಂಡರ್ ತೂಗಿದ್ದ ಜಾಗ ಬೆಳ್ಳಗೆ ಉಳಿದಿದೆಯಾ ಅಂತ ನೋಡುತ್ತಾ ಹೋದೆ. ಎರಡು ಕಡೆ ಇತ್ತು!

ನಕ್ಷತ್ರ ಕೊಡುವ ಪದ್ಧತಿಯನ್ನು ನಾಲ್ಕು ತಿಂಗಳು ಮಾಡಿ ಬಿಟ್ಟೆ. ಎಲ್ಲದಕ್ಕೂ ಐದರಲ್ಲಿ ಮೂರೂವರೆ ಬರುತ್ತಿತ್ತು. ಬರೆಯುವುದರಿಂದ ತಪ್ಪಿಸಿಕೊಳ್ಳಲು ಅದೊಂದು ದಾರಿ, ನನ್ನ ಮಟ್ಟಿಗಂತೂ.

ಕಥೆ ಎಷ್ಟು ಹೇಳಬೇಕು? ಮೊದಲ ಕಾಲು ಭಾಗದೊಳಗೆ ಆಗುವುದನ್ನು ಧಾರಾಳವಾಗಿ ಹೇಳಿ. ಅದರಾಚೆಯದು ಬೇಕೇ ಬೇಕು ಅಂದರೆ ಮೊದಲೇ ಒಂದು ಎಚ್ಚರಿಕೆಯ ಸಾಲು ಹಾಕಿ. ‘ಕೊನೆಯಲ್ಲಿ ಒಂದು ತಿರುವಿದೆ’ ಅಂತಲೂ ಬರೆಯಬೇಡಿ. ಆಮೇಲೆ ನೋಡುವವರು ಪೂರ್ತಿ ಸಿನಿಮಾ ಆ ತಿರುವನ್ನೇ ಕಾಯುತ್ತಾ ಕೂರುತ್ತಾರೆ.

ಒಟ್ಟು ಏಳು ನೂರು ಪದ ದಾಟದಿರಲಿ. ಕಳಿಸುವ ಮುಂಚೆ ಒಂದು ಕೆಲಸ: ‘ಚೆನ್ನಾಗಿದೆ’, ‘ಅದ್ಭುತ’, ‘ಸೂಪರ್’, ‘ಮನಮುಟ್ಟುವ’, ‘ಒಮ್ಮೆ ನೋಡಬಹುದು’, ಈ ಐದನ್ನು ಹುಡುಕಿ. ಸಿಕ್ಕಲ್ಲೆಲ್ಲ ನೋಟ್‌ಬುಕ್ ತೆಗೆದು ದೃಶ್ಯದ ಸಾಲು ಹಾಕಿ. ಗೆಳತಿಗೆ ಎಣಿಸಲು ಏನೂ ಉಳಿಸಬಾರದು, ಇದು ಈಗ ನನ್ನ ಹಟ.

ಪರೀಕ್ಷೆಯ ತಿಂಗಳು

ಏನೂ ಓದಿರುವುದಿಲ್ಲ. ಆದರೂ ಬರೆಯಿರಿ. ಹೋದ ಸೆಮಿಸ್ಟರ್ ಪರೀಕ್ಷೆಯ ತಿಂಗಳಲ್ಲಿ ನನ್ನ ಪಟ್ಟಿಯಲ್ಲಿದ್ದದ್ದು ಒಂದು ಸಿನಿಮಾ, ಅದನ್ನೂ ನಾಲ್ಕು ರಾತ್ರಿ ಇಪ್ಪತ್ತು ಇಪ್ಪತ್ತು ನಿಮಿಷ ಅಂತ ನೋಡಿದ್ದು. ಹಾಗೆ ಮುರಿದು ನೋಡಿದಾಗ ಪ್ರತಿ ರಾತ್ರಿಯೂ ಎಲ್ಲಿ ನಿಲ್ಲಿಸಿದೆ ಅಂತ ಬರೆದಿಟ್ಟೆ. ಮೂರು ರಾತ್ರಿ ಬಾಗಿಲು ತೆರೆಯುವ ಹೊತ್ತಿಗೇ ನಿಲ್ಲಿಸಿದ್ದೆ. ನಿದ್ದೆ ಬರುತ್ತಿದ್ದರಿಂದ ಯಾರು ಬಂದರು ಅಂತಲೂ ನೋಡದೆ ಮಲಗಿದ್ದೆ. ಒಂದು ಸಿನಿಮಾದ ಮೇಲೆ ಅಷ್ಟು ಉದ್ದ ನಾನು ಇನ್ನೂ ಬರೆದಿಲ್ಲ.

ಪಟ್ಟಿಯ ಕೆಳಗೆ ಒಂದು ಸಾಲು ಮುಂದಿನ ತಿಂಗಳಿಗೆ ಬಿಡಿ. ಹತ್ತು ಹೆಸರು ಬೇಡ, ಒಂದೇ ಒಂದು. ಈ ತಿಂಗಳು ನನ್ನದರಲ್ಲಿ ಇರುವುದು: ‘137ನೇ ಪುಟ, ಕಿಟಕಿ ಹತ್ತಿರ ನಿಂತವನು. ಇನ್ನೊಂದು ಅವಕಾಶ ಕೊಟ್ಟು ನೋಡುವುದು.’