ಜಪಾನಿನ ಹಳೆ ತ್ಸುಬಾ ಕೊಳ್ಳುವುದು ಹೇಗೆ?

ಸಮುರಾಯ್ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಅಂಗೈಯಲ್ಲಿ ಹಿಡಿಸುವ ಒಂದು ಚಪ್ಪಟೆ ಬಿಲ್ಲೆ ಇರುತ್ತದೆ. ಅದೇ ತ್ಸುಬಾ. ಕೈ ಜಾರಿ ಅಲಗಿಗೆ ತಾಗದಂತೆ ಕಾಯುತ್ತದೆ. 1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಲ್ಲಿಸಿತು. ಆಮೇಲೆ ಸಾವಿರಾರು ತ್ಸುಬಾಗಳು ಕತ್ತಿಯಿಂದ ಬಿಡಿಯಾಗಿ ಯುರೋಪು, ಅಮೆರಿಕ ಸೇರಿದವು. ಅವು ಇಂದಿಗೂ ಮಾರಾಟಕ್ಕೆ ಬರುತ್ತವೆ.

ಚಿನ್ನ, ಬೆಳ್ಳಿ ಕೂರಿಸಿದವು ಬೇಗ ಕಣ್ಣಿಗೆ ಬೀಳುತ್ತವೆ. ನನ್ನ ಮನಸ್ಸು ಮಾತ್ರ ಬರೀ ಕಬ್ಬಿಣದ ಕಡೆಗೇ.

ಕೊಳ್ಳುವ ಮೊದಲು ಸುಮ್ನೆ ನೋಡಿ, ತುಂಬಾ ನೋಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ ಎರಡೂ ತಮ್ಮ ತ್ಸುಬಾಗಳ ಫೋಟೊಗಳನ್ನು ವೆಬ್‌ಸೈಟಿನಲ್ಲಿ ಇಟ್ಟಿವೆ. ಓವಾರಿ, ಅಕಸಾಕಾ, ಹಿಗೋ ಎಂಬ ಶೈಲಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಣ್ಣು ಪಳಗುತ್ತದೆ.

ತ್ಸುಬಾ ಕೈಗೆ ಬಂದಾಗ ಮೊದಲು ನಡುವಿನ ತೂತು ನೋಡಿ. ಕತ್ತಿಯ ಬುಡ ತೂರುವ ಜಾಗ ಅದು. ಬಳಸಿದ ತ್ಸುಬಾದಲ್ಲಿ ಅದರ ಸುತ್ತ ಉಳಿಯಿಂದ ಹೊಡೆದ ಗುರುತು ಇರಬಹುದು, ಎರಡು ತುದಿಗೂ ತಾಮ್ರದ ತುಂಡು ಕೂರಿಸಿರಬಹುದು. ಬೇರೆ ಅಲಗಿಗೆ ಬಿಗಿಯಾಗಿ ಕೂರಲಿ ಎಂದು ಮಾಡಿದ್ದು. ಅದು ಕುಂದಲ್ಲ, ಅದು ಬಾಳಿದ ಗುರುತು.

ಆಮೇಲೆ ಅಂಚು. ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಕೆಲವು ಹಳೆಯವುಗಳ ಅಂಚಿನಲ್ಲಿ ಸಣ್ಣ ಗಂಟುಗಳು, ಎಳೆಗಳು ಎದ್ದು ಕಾಣುತ್ತವೆ. ಜಪಾನೀಯರು ಇದನ್ನು 'ತೆಕ್ಕೋತ್ಸು', ಅಂದರೆ ಕಬ್ಬಿಣದ ಮೂಳೆ ಎನ್ನುತ್ತಾರೆ. ಬೆರಳಾಡಿಸಿದರೆ ತಾಗುತ್ತದೆ. ಎಲ್ಲ ಶೈಲಿಯಲ್ಲೂ ಇರುವುದಿಲ್ಲ. ಆದರೆ ಕಂಡಾಗ ಆಗುವ ಖುಷಿಯೇ ಬೇರೆ.

ನಕಲಿ ಜಾಸ್ತಿ. ಅಚ್ಚಿನಲ್ಲಿ ಎರಕ ಹೊಯ್ದವೇ ಹೆಚ್ಚು. ಕೊರೆದ ಕಿಂಡಿಗಳ ಒಳಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅಚ್ಚಿನ ಜೋಡಣೆಯ ಗೆರೆ, ಗಾಳಿಗುಳ್ಳೆಯ ಸಣ್ಣ ಕುಳಿ ಕಂಡರೆ ವಾಪಸ್ ಕೊಟ್ಟುಬಿಡಿ. ಆಯಸ್ಕಾಂತ ಇಲ್ಲಿ ಉಪಯೋಗವಿಲ್ಲ, ಎರಕದ ಕಬ್ಬಿಣಕ್ಕೂ ಅದು ಅಂಟುತ್ತದೆ.

ತ್ಸುಬಾ ಮಾಡಿದವರ ಹೆಸರು ಕೆತ್ತಿದೆ ಅಂತ ದುಡ್ಡು ಸುರಿಯಬೇಡಿ. ನೊಬುಯಿಯೆ, ಕನೆಯಿಯೆ ಅವರಂಥ ದೊಡ್ಡ ಹೆಸರುಗಳನ್ನು ಬೇರೆಯವರೂ ಧಾರಾಳವಾಗಿ ಕೆತ್ತಿದ್ದಾರೆ. ಬಹಳ ಹಳೆಯವುಗಳಲ್ಲಂತೂ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. ಬೆಲೆ ದೊಡ್ಡದಾದರೆ ಜಪಾನಿ ಕತ್ತಿ, ತ್ಸುಬಾಗಳನ್ನು ಪರೀಕ್ಷಿಸುವ ಟೋಕಿಯೊದ ಎನ್‌ಬಿಟಿಎಚ್‌ಕೆ ಸಂಸ್ಥೆಯ ಪ್ರಮಾಣಪತ್ರ ಕೇಳಿ. ಪತ್ರದಲ್ಲಿರುವ ಫೋಟೊ ಮತ್ತು ಕೈಯಲ್ಲಿರುವ ತ್ಸುಬಾ ಒಂದೇನಾ ಅಂತ ತಾಳೆ ನೋಡಿ.

ಮನೆಗೆ ತಂದ ಮೇಲೆ ದಯವಿಟ್ಟು ಉಜ್ಜಿ ಹೊಳೆಸಬೇಡಿ. ಎಷ್ಟೋ ವರ್ಷ ದೋಸೆ ಹುಯ್ದು ಪಳಗಿದ ಕಾವಲಿಯನ್ನು ಯಾರಾದರೂ ಮರಳುಕಾಗದ ಹಾಕಿ ತಿಕ್ಕುತ್ತಾರಾ? ತ್ಸುಬಾದ ಕಪ್ಪು ಹೊದಿಕೆಯೂ ಹಾಗೇ, ಒಮ್ಮೆ ಹೋದರೆ ಹೋಯಿತು. ತಂತಿ ಬ್ರಷ್, ಆ್ಯಸಿಡ್ ಹತ್ತಿರ ತರಬೇಡಿ. ಕೆಂಪು ತುಕ್ಕು ಇದ್ದರೆ ಮಾತ್ರ ಮೊನೆ ಮಾಡಿದ ಮೂಳೆ ಅಥವಾ ಜಿಂಕೆ ಕೊಂಬಿನ ತುಂಡಿನಿಂದ ಮೆಲ್ಲಗೆ ಕೆರೆಯಿರಿ. ವಾರಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಮುಟ್ಟಿದಾಗಲೆಲ್ಲ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ, ಒಣ ಜಾಗದಲ್ಲಿ ಮರದ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆ ತೆರೆದು ನೋಡಿ.